ಧಾರವಾಡದಲ್ಲಿ ಕಡಿಮೆ ದುಡ್ಡಿನಲ್ಲಿ ಫಿಲ್ಟರ್ ಕಾಫಿ ಗಾಡಿ ಹಾಕಬಹುದೇ? ಅನುಭವ ಇಲ್ಲ.

ಹಾಕಬಹುದು, ಆದರೆ ಎಸ್ಪ್ರೆಸೊ ಮಷಿನ್ ಆಸೆ ಬಿಡಿ. ಎರಡು ದೊಡ್ಡ ಹಿತ್ತಾಳೆ ಫಿಲ್ಟರ್, ಒಂದು ಒಲೆ, ಮುಚ್ಚಳದ ಹಾಲಿನ ಪಾತ್ರೆ, ಒಂದು ಥರ್ಮಾಸ್ ಸಾಕು.

ಲೆಕ್ಕ ಹೀಗೆ: 100 ಗ್ರಾಂ ಪುಡಿಗೆ (80 ಕಾಫಿ, 20 ಚಿಕೋರಿ) ಅರ್ಧ ಲೀಟರ್ ನೀರು ಹಾಕಿದರೆ ಸುಮಾರು 300 ಮಿ.ಲೀ. ಡಿಕಾಕ್ಷನ್ ಇಳಿಯುತ್ತದೆ, ಉಳಿದದ್ದನ್ನು ಪುಡಿಯೇ ಕುಡಿಯುತ್ತದೆ. ಕಪ್ಪಿಗೆ 15 ಮಿ.ಲೀ. ಡಿಕಾಕ್ಷನ್, 55 ಮಿ.ಲೀ. ಹಾಲು ಅಂದರೆ 20 ಕಪ್. ಪುಡಿ ಕೆಜಿಗೆ 700, ಹಾಲು ಲೀಟರಿಗೆ 50 ರೂಪಾಯಿ ಅಂತ ಹಿಡಿಯಿರಿ. ಸಕ್ಕರೆ, ಕಾಗದದ ಕಪ್ ಸೇರಿ ಒಂದು ಕಪ್ಪಿಗೆ ಸುಮಾರು ಏಳೂವರೆ ರೂಪಾಯಿ ಬೀಳುತ್ತದೆ. ಗ್ಯಾಸ್ ಬೇರೆ. ಹತ್ತಕ್ಕೆ ಮಾರಿದರೆ ಕೈಗೆ ಹೆಚ್ಚೇನೂ ಉಳಿಯದು, ಹದಿನೈದು ಇಡಿ.

ಹೊಸಬರು ಕೆಡಿಸುವುದು ಡಿಕಾಕ್ಷನ್ನನ್ನೇ. ಪುಡಿಯನ್ನು ಗಟ್ಟಿ ಒತ್ತಿದರೆ, ಇಲ್ಲವೇ ಹಿಟ್ಟಿನಂತೆ ನುಣ್ಣಗೆ ಬೀಸಿಸಿದರೆ ನೀರು ಇಳಿಯುವುದೇ ಇಲ್ಲ. ಅವಸರಕ್ಕೆ ಫಿಲ್ಟರ್ ಮೇಲೆ ಬಡಿದರೆ ಗಸಿ ಬರುತ್ತದೆ. ಇಳಿಯಲು ಅರ್ಧ ತಾಸು ಬೇಕು, ಅದಕ್ಕೇ ಎರಡು ಫಿಲ್ಟರ್. ತಣ್ಣಗಾದ ಡಿಕಾಕ್ಷನ್ನನ್ನು ಒಲೆಯ ಮೇಲೆ ಕುದಿಸಬೇಡಿ, ಕಹಿಯಾಗುತ್ತದೆ. ಕಾಫಿಗೆ ಬಿಸಿ ಕಾದ ಹಾಲಿನಿಂದಲೇ ಬರಲಿ. ಬೋರ್‌ವೆಲ್ ಗಡಸು ನೀರಿನಲ್ಲಿ ರುಚಿ ಸಪ್ಪೆ.

ಜಾಗ? ಸಪ್ತಾಪುರದ ಕೋಚಿಂಗ್ ಓಣಿಗಳು, ಬೆಳಿಗ್ಗೆ ಆರರಿಂದ. ನಮ್ಮ ಕಡೆ ಚಹಾದವರೇ ಹೆಚ್ಚು, ಹಾಗಾಗಿ ಶುರುವಿಗೆ ಚಹಾನೂ ಇಡಿ. ಮಹಾನಗರ ಪಾಲಿಕೆಯ ಬೀದಿ ವ್ಯಾಪಾರಿ ಗುರುತಿನ ಚೀಟಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮೊದಲೇ ಮಾಡಿಸಿ. ಆ ಚೀಟಿ ಇದ್ದರೆ ಬೀದಿ ವ್ಯಾಪಾರಿಗಳಿಗೆ ಕೇಂದ್ರ ಸರ್ಕಾರದ ಪಿಎಂ ಸ್ವನಿಧಿ ಯೋಜನೆಯ ಸಾಲಕ್ಕೂ ಅರ್ಜಿ ಹಾಕಬಹುದು.