ಎಷ್ಟು ತೆಗೆದರೆ ಸಾಕು?

ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಿಂದ 31 ವರ್ಷದ ಯುವಕರೊಬ್ಬರು ತಾಯಿಯೊಂದಿಗೆ ಬಂದಿದ್ದರು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಎರಡು ಔಷಧಿಗಳನ್ನು ಸರಿಯಾಗಿ ತೆಗೆದುಕೊಂಡರೂ ಫಿಟ್ಸ್ ನಿಂತಿರಲಿಲ್ಲ, ಎಂಆರ್‌ಐಯಲ್ಲಿ ಎಡಗಡೆಯ ಹಿಪೊಕ್ಯಾಂಪಸ್ (ನೆನಪಿಗೆ ನೆರವಾಗುವ ಮಿದುಳಿನ ಭಾಗ) ಕುಗ್ಗಿರುವುದು ಕಂಡಿತ್ತು, ವೈದ್ಯರು ಅದನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಸೂಚಿಸಿದ್ದರು.

ಮಾತಿನ ನಡುವೆಯೇ ಮಗನ ದೃಷ್ಟಿ ಗೋಡೆಗೆ ನೆಟ್ಟಿತು. ತುಟಿ ಚಪ್ಪರಿಸುತ್ತ, ಎಡಗೈಯಲ್ಲಿ ಅಂಗಿಯ ಗುಂಡಿಯನ್ನು ತಡವುತ್ತಿದ್ದರು, ಬಲಗೈ ಸೆಟೆದಿತ್ತು. ಒಂದೂವರೆ ನಿಮಿಷದಲ್ಲಿ ಆ ಫಿಟ್ಸ್ ಮುಗಿದರೂ, ಮೇಜಿನ ಮೇಲಿದ್ದ ಕನ್ನಡಕದ ಹೆಸರು ಬಾಯಿಗೆ ಬರಲು ಮತ್ತೆ ಮೂರು ನಿಮಿಷ ಹಿಡಿಯಿತು.

"ಕೊಳೆರೋಗ ಬಂದ ಅಡಿಕೆ ಗೊನೆಯನ್ನು ಅರ್ಧ ಬಿಡುತ್ತೇವೆಯೇ ಮೇಡಂ? ತೆಗೆಯುವುದಾದರೆ ಪೂರ್ತಿ ತೆಗೆಯಲಿ" ಎಂದರು ತಾಯಿ. ಮಗನ ಭಯ ಬೇರೆ: ಅವರು ತಾಳಮದ್ದಲೆಯಲ್ಲಿ ಪದ್ಯಗಳಿಗೆ ಅರ್ಥ ಹೇಳುವವರು. "ಪದ್ಯವೇ ಮರೆತರೆ?"

ಇಬ್ಬರ ಮಾತಿನಲ್ಲೂ ಹುರುಳಿತ್ತು. 1995ರಲ್ಲಿ ಪ್ರಕಟವಾದ, 70 ರೋಗಿಗಳ ಅಧ್ಯಯನವೊಂದರಲ್ಲಿ ಹಿಪೊಕ್ಯಾಂಪಸ್ಸನ್ನು ಹಿಂದಿನವರೆಗೂ ತೆಗೆದವರಲ್ಲಿ ಶೇ. 69 ಮಂದಿ ಒಂದು ವರ್ಷ ಫಿಟ್ಸ್ ಇಲ್ಲದೆ ಇದ್ದರು. ಮುಂಭಾಗವನ್ನಷ್ಟೇ ತೆಗೆದವರಲ್ಲಿ ಶೇ. 38. ಆದರೆ 2011ರಲ್ಲಿ ಪ್ರಕಟವಾದ, ಇನ್ನೂರಕ್ಕೂ ಹೆಚ್ಚು ಮಂದಿಯ ಅಧ್ಯಯನದಲ್ಲಿ ಎರಡೂವರೆ ಸೆಂಟಿಮೀಟರಿನ ಬದಲು ಮೂರೂವರೆ ತೆಗೆಯಲು ಹೊರಟದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಆದ್ದರಿಂದ ತಾಯಿಗೆ ನಾನು ಹೇಳಿದ್ದು, ಫಿಟ್ಸ್ ಹುಟ್ಟುವ ಜಾಗ ಉಳಿದುಬಿಡಬಾರದು ಎಂಬುದು ನಿಜ, ಆದರೆ ಅದನ್ನು ದಾಟಿ ಕತ್ತರಿಸಿದಷ್ಟೂ ಗುಣ ಹೆಚ್ಚುತ್ತದೆ ಎಂದಲ್ಲ. ಮಿದುಳು ಅಡಿಕೆ ಗೊನೆಯಲ್ಲ, ಮುಂದಿನ ವರ್ಷ ಮತ್ತೆ ಬಿಡುವುದಿಲ್ಲ. ಮಗನಿಗೂ ಸುಳ್ಳು ಸಮಾಧಾನ ಹೇಳಲಿಲ್ಲ: ಎಡಬದಿಯ ಶಸ್ತ್ರಚಿಕಿತ್ಸೆಯಲ್ಲಿ ಮಾತಿನ ನೆನಪಿಗೆ ಪೆಟ್ಟು ಬೀಳುವ ಸಂಭವ ಇದೆ, ಈಗ ನೆನಪು ಚೆನ್ನಾಗಿರುವವರಿಗೆ ಅದು ಹೆಚ್ಚು. ಹಾಗೆಂದು ಹತೋಟಿಗೆ ಬಾರದ ಫಿಟ್ಸೂ ನೆನಪನ್ನು ಸುಮ್ಮನೆ ಬಿಡುವುದಿಲ್ಲ.

ಎಷ್ಟು ತೆಗೆಯಬೇಕೆಂಬುದು ಶಸ್ತ್ರಚಿಕಿತ್ಸಕರ ತೀರ್ಮಾನ, ನನ್ನದಲ್ಲ. ವಿಡಿಯೋ ಇಇಜಿಯಲ್ಲಿ (ದೃಶ್ಯದ ಜೊತೆಗೆ ಮಿದುಳಿನ ವಿದ್ಯುತ್ ಚಟುವಟಿಕೆಯನ್ನೂ ದಾಖಲಿಸುವ ಪರೀಕ್ಷೆ) ಫಿಟ್ಸ್ ಆ ಕುಗ್ಗಿದ ಭಾಗದಿಂದಲೇ ಹುಟ್ಟುತ್ತಿದೆಯೇ ಎಂದು ಕೇಳುವಂತೆ, ನೆನಪಿನ ಪರೀಕ್ಷೆಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಮಾಡಿಸಿಕೊಳ್ಳುವಂತೆ, ತಾಳಮದ್ದಲೆಯ ವಿಷಯವನ್ನು ಸಂಕೋಚಪಡದೆ ಅವರ ಮುಂದಿಡುವಂತೆ ಸಲಹೆ ನೀಡಿದೆ. ಶಸ್ತ್ರಚಿಕಿತ್ಸೆಯಾದ ಮೇಲೂ ವೈದ್ಯರು ಹೇಳುವವರೆಗೆ ಮಾತ್ರೆ ಬಿಡುವಂತಿಲ್ಲ. ಸದ್ಯಕ್ಕೆ ಬೈಕು, ಮರ ಹತ್ತುವುದು, ಹೊಳೆಯ ಸ್ನಾನ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಇವುಗಳಿಂದ ದೂರವಿರಬೇಕು ಎಂದೆ. ಕತ್ತಿಯ ಮಾತು ಬಂದಾಗ ಅವರು ಬಲ ಹೆಬ್ಬೆರಳಿನ ಹಳೆಯ ಗಾಯವನ್ನು ಮಡಿಲಿನಲ್ಲಿ ಮುಚ್ಚಿಕೊಂಡರು.

ಹೊರಡುವಾಗ ಅವರು ಪ್ರಶ್ನೆಗಳನ್ನು ಪ್ರಸಂಗದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡರು. ತಾಯಿ ಇನ್ನೊಂದು ಪ್ರಶ್ನೆ ಸೇರಿಸಿದರು: ಪೂರ್ತಿ ಎಂದರೆ ಎಲ್ಲಿಯವರೆಗೆ?