ಕೊನೆಯ ಪದ ನುಂಗಬೇಡಿ

ಪ್ರಶ್ನೆ: ಬೋರರ್ (ಕಾಂಡ ಕೊರೆಯುವ ಹುಳ) ಹಿಡಿದ ಅರೇಬಿಕಾ ಕಾಫಿ ಗಿಡಗಳನ್ನು ಎಲ್ಲರೂ ಒಟ್ಟಿಗೇ ಕಿತ್ತು ಸುಡೋಣ ಎಂದು ಬೆಳೆಗಾರರ ಸಭೆಯಲ್ಲಿ ಎರಡು ಸಲ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜೋರು ಗಂಟಲಿನವರ ಮಾತೇ ನಡೆಯುತ್ತದೆ. ನಾನೂ ದನಿ ಏರಿಸಲೇ?
– ಓದುಗರು, ಮೂಡಿಗೆರೆ

ಉತ್ತರ: ತುಸು ಏರಿಸಿ, ಆದರೆ ಒಂದೇ ಸಮನೆ ಬೇಡ. ವ್ಯಾನ್ ಜಾಂಟ್ ಮತ್ತು ಬರ್ಗರ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದನಿಯನ್ನು ಕೊಂಚ ಏರಿಸಿ, ನಡುನಡುವೆ ಏರಿಳಿಸಿದವರು ಕೇಳುಗರಿಗೆ ಹೆಚ್ಚು ಆತ್ಮವಿಶ್ವಾಸದವರಾಗಿ ಕಂಡರು. ಮಾತು ನಾಟಿದ್ದು ಆ ವಿಶ್ವಾಸದಿಂದ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಮ್ಮ ವಾಕ್ಯದ ತೂಕವೆಲ್ಲ ಕೊನೆಯ ಕ್ರಿಯಾಪದದಲ್ಲಿ. ಉಸಿರು ಮುಗಿಯುವುದೂ ಅಲ್ಲೇ. ‘ಸೆಪ್ಟೆಂಬರ್ ಒಳಗೆ ಬೋರರ್ ಗಿಡ ಕೀಳ್ಬೇಕು’ ಎನ್ನುವಾಗ ಕೊನೆ ತೇಲಿಹೋದರೆ, ಹಿಂದಿನ ಬೆಂಚಿಗೆ ‘ಕೀಳ್ಬೇಕು’, ‘ಕೀಳ್ಬೇಡಿ’ ಎರಡೂ ಒಂದೇ. ಸ್ವರ ಕೆಳಗಿಳಿಯಲಿ, ಅದು ನಿರ್ಧಾರದ ಗುರುತು. ಒತ್ತು ಮಾತ್ರ ಇಳಿಯಬಾರದು. ಉದ್ದ ವಾಕ್ಯವನ್ನು ಎರಡಾಗಿ ಮುರಿದು, ಪ್ರತಿ ವಾಕ್ಯಕ್ಕೂ ಮೊದಲು ಉಸಿರು ತೆಗೆದುಕೊಳ್ಳಿ. ಹೇಳಿದ್ದರ ಹಿಂದೆಯೇ ‘ಅಲ್ವಾ?’ ಎಂದು ದನಿ ಮೇಲೆತ್ತಿದರೆ ನಿಮಗೇ ಅನುಮಾನವಿದೆ ಎಂದಾಗುತ್ತದೆ.

ಹುಳ ಹಾರುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್. ಈ ತಿಂಗಳುಗಳನ್ನು ನಿಧಾನವಾಗಿ ಹೇಳಿ, ಎರಡು ಸೆಕೆಂಡ್ ಸುಮ್ಮನಿರಿ. ಒಬ್ಬರು ಬಿಟ್ಟ ಗಿಡದಿಂದ ಪಕ್ಕದ ತೋಟಕ್ಕೂ ಹುಳ ಹೋಗುತ್ತದೆ ಎಂಬ ಲೆಕ್ಕ ಕೇಳುಗರು ಹಾಕಿಕೊಳ್ಳುವುದು ಆ ಮೌನದಲ್ಲಿ. ಕಾಂಡ ಸೀಳಿ, ಪುಡಿ ತುಂಬಿದ ಸುರಂಗವನ್ನು ಕೈಯಲ್ಲಿ ಹಿಡಿದೇ ಮಾತಾಡಿ; ಸಾಕ್ಷಿ ಇಲ್ಲದ ಗಟ್ಟಿ ದನಿ ಮೊದಲ ಪ್ರಶ್ನೆಗೇ ಕುಸಿಯುತ್ತದೆ.

ಮೈಕ್ ಬಾಯಿಂದ ಒಂದು ಮುಷ್ಟಿ ದೂರ, ಕೊಂಚ ಓರೆಯಾಗಿರಲಿ. ನೇರ ಹಿಡಿದರೆ ‘ಪ’, ‘ಭ’ ಬಂದಲ್ಲೆಲ್ಲ ಗಾಳಿ ಬಡಿಯುತ್ತದೆ. ತೀರಾ ಹತ್ತಿರವಾದರೆ ದನಿ ಗುಮ್ಮೆನ್ನುತ್ತದೆ. ಹಿಂದಿನ ದಿನ ಮೊಬೈಲಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ, ಪ್ರತಿ ವಾಕ್ಯದ ಕೊನೆಯ ಪದವನ್ನಷ್ಟೇ ಗಮನಿಸಿ ಕೇಳಿ.

ಪ್ರಶ್ನೆ: ಸಭೆಯಲ್ಲಿ ಯಾರಾದರೂ ಎದುರಾಡಿದರೆ ನನ್ನ ದನಿ ಕೀರಲಾಗುತ್ತದೆ.
– ಓದುಗರು, ಹಾಸನ

ಉತ್ತರ: ಗಾಬರಿಗೆ ಗಂಟಲಿನ ಸ್ನಾಯು ಬಿಗಿದು ಧ್ವನಿತಂತುಗಳು ಎಳೆದಂತಾಗುತ್ತವೆ, ಸ್ವರ ಏರುತ್ತದೆ. ಆಗ ಉಸಿರು ಎಳೆದುಕೊಳ್ಳಬೇಡಿ, ಮೊದಲು ನಿಧಾನವಾಗಿ ಬಿಡಿ. ಖೊಕ್ಕೆಂದು ಗಂಟಲು ಸರಿಮಾಡಿದರೆ ತಂತುಗಳು ಒಂದಕ್ಕೊಂದು ಉಜ್ಜುತ್ತವೆ, ಬದಲಿಗೆ ಒಂದು ಗುಟುಕು ನೀರು ಕುಡಿಯಿರಿ. ಎದುರಾಡಿದವರ ಮಾತನ್ನೇ ತಗ್ಗಿದ ದನಿಯಲ್ಲಿ ಒಮ್ಮೆ ಹೇಳಿ, ಆಮೇಲೆ ಉತ್ತರಿಸಿ.