ಕ್ರಿಕೆಟ್‌ನಲ್ಲಿ ಚೆಂಡು ಕಾಲಿಗೆ ತಗುಲಿದರೂ ಕೆಲವೊಮ್ಮೆ ಮಾತ್ರ ಎಲ್‌ಬಿಡಬ್ಲ್ಯು (ಲೆಗ್ ಬಿಫೋರ್ ವಿಕೆಟ್, ಅಂದರೆ ವಿಕೆಟ್‌ಗೆ ದೇಹ ಅಡ್ಡ ಬಂದದ್ದಕ್ಕೆ ಔಟ್) ಕೊಡುವುದು ಏಕೆ?

ಮೂಲ ಪ್ರಶ್ನೆ ಒಂದೇ: ದೇಹ ಅಡ್ಡ ಬರದಿದ್ದರೆ ಚೆಂಡು ವಿಕೆಟ್‌ಗೆ ಬಡಿಯುತ್ತಿತ್ತೇ? ಕಾಲೇ ಆಗಬೇಕೆಂದಿಲ್ಲ. 1999ರ ಅಡಿಲೇಡ್ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ವೇಗಿ ಮೆಕ್‌ಗ್ರಾ ಎಸೆದ ಚೆಂಡಿಗೆ ತಲೆ ತಗ್ಗಿಸಿ ಬಗ್ಗಿದ ಸಚಿನ್ ತೆಂಡೂಲ್ಕರ್, ಅದು ಭುಜಕ್ಕೆ ಬಡಿದು ಔಟಾದರು.

ಆದರೆ ಚೆಂಡು ಮೊದಲು ಬ್ಯಾಟಿಗೆ ತಾಗಿದ್ದರೆ ಔಟ್ ಇಲ್ಲ. ನೋಬಾಲ್ ಆದರೂ ಇಲ್ಲ. ಹೊಸಬರಿಗೆ ತೊಡಕಾಗುವುದು ಇನ್ನೆರಡು ಷರತ್ತುಗಳು. ಚೆಂಡು ಲೆಗ್ ಸ್ಟಂಪಿನ ಆಚೆ, ಅಂದರೆ ಬ್ಯಾಟರ್‌ನ ಬೆನ್ನ ಹಿಂದಿನ ಬದಿಯಲ್ಲಿ ಪುಟಿದಿದ್ದರೆ, ಮುಂದೆ ವಿಕೆಟ್‌ಗೇ ನುಗ್ಗುವಂತಿದ್ದರೂ ನಾಟೌಟ್. ಇದು ನ್ಯಾಯವಾದ ನಿಯಮ ಎನ್ನುವುದು ನನ್ನ ಅಭಿಪ್ರಾಯ. ಇಲ್ಲದಿದ್ದರೆ ಬೌಲರ್‌ಗಳು ದಿನವಿಡೀ ಕಾಲಿಗೇ ಗುರಿಯಿಡುತ್ತಿದ್ದರು. ಇನ್ನು ಆಫ್ ಸ್ಟಂಪಿನ ಹೊರಗೆ, ಅಂದರೆ ಬ್ಯಾಟರ್‌ನ ಮುಂದಿನ ಬದಿಯಲ್ಲಿ, ದೇಹಕ್ಕೆ ತಗುಲಿದರೆ, ಬ್ಯಾಟರ್ ಪ್ರಾಮಾಣಿಕವಾಗಿ ಆಡಲು ಯತ್ನಿಸಿದ್ದರೆ ಬಚಾವು. ಬ್ಯಾಟ್ ಎತ್ತಿ ಸುಮ್ಮನೆ ನಿಂತಿದ್ದರೆ ಔಟ್ ಆಗಬಹುದು.

ಸ್ಪಿನ್ ಬೌಲರ್ ಅನಿಲ್ ಕುಂಬ್ಳೆ ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಎಲ್‌ಬಿಡಬ್ಲ್ಯು ಬಹಳಷ್ಟಿರುವುದಕ್ಕೆ ಕಾರಣವೂ ಇಲ್ಲೇ ಇದೆ. ಅವರ ಚೆಂಡು ಹೆಚ್ಚು ತಿರುಗದೆ, ಪುಟಿದೊಡನೆ ವೇಗವಾಗಿ ನೇರ ನುಗ್ಗುತ್ತಿತ್ತು. ತಿರುವಿಗೆಂದು ಬ್ಯಾಟ್ ಚಾಚಿದವರ ಪ್ಯಾಡಿಗೆ ಅದು ಸ್ಟಂಪಿನ ಎದುರೇ ಬಡಿಯುತ್ತಿತ್ತು.

ಟಿವಿಯಲ್ಲಿ ಮರುಪರಿಶೀಲನೆ ಬಂದಾಗ ಚೆಂಡು ಎಲ್ಲಿ ಪುಟಿಯಿತು, ಎಲ್ಲಿ ತಗುಲಿತು, ವಿಕೆಟ್‌ಗೆ ಬಡಿಯುತ್ತಿತ್ತೇ ಎಂದು ಇದೇ ಅನುಕ್ರಮದಲ್ಲಿ ನೋಡಿ. ಕೂದಲೆಳೆಯ ಅಂತರವಿದ್ದರೆ ಮೈದಾನದ ಅಂಪೈರ್ ಮೊದಲು ಕೊಟ್ಟ ತೀರ್ಪೇ ನಿಲ್ಲುತ್ತದೆ; ಅದನ್ನೇ ‘ಅಂಪೈರ್ಸ್ ಕಾಲ್’ ಎನ್ನುತ್ತಾರೆ.